ಕಲಿಸಿದವನ ಪರೀಕ್ಷೆ

"ಎಷ್ಟು ಸಲ ಹೇಳಿದರೂ ಇವನ ತಲೆಗೆ ಹತ್ತುವುದಿಲ್ಲ" ಎಂಬ ಮಾತು ಕೇಳಿಬರದ ಮನೆ ನಮ್ಮಲ್ಲಿ ವಿರಳ. ತಂದೆಯು ಮಗನನ್ನು ಕುರಿತು ಇದನ್ನು ಹೇಳುವನು. ಮನೆಯಾಕೆಯು ಹೊಸದಾಗಿ ಬಂದ ಕೆಲಸದವಳನ್ನು ಕುರಿತು ಹೇಳುವಳು. ಉಪಾಧ್ಯಾಯನು ವಿದ್ಯಾರ್ಥಿಯನ್ನು ಕುರಿತು ಹೇಳುವನು. ನಾನು ಈ ಮೂರನೆಯ ಪಂಗಡಕ್ಕೆ ಸೇರಿದವನು. ಪ್ರೌಢಶಾಲೆಗಳಲ್ಲಿ ಸಂಸ್ಕೃತ ಪಾಠ ಹೇಳಿದಷ್ಟು ಕಾಲವೂ ಈ ಮಾತನ್ನು ಧಾರಾಳವಾಗಿ ಬಳಸಿದವನು. ಇದರಲ್ಲಿ ಹೇಳಿದವನ ಕುಂದೂ ಇರಬಹುದೆ ಎಂಬ ಸಂದೇಹವು ನನಗೆ ಹುಟ್ಟಿದುದು ನಿವೃತ್ತನಾದ ಮೇಲೆ, ನಮ್ಮ ನಡುಮನೆಯಲ್ಲಿ ಒಂದು ದೀಪವನ್ನು ತೂಗುಹಾಕಿಸಿದ ದಿನ.

ಆ ಕೆಲಸಕ್ಕೆ ಬಂದವನು ನನ್ನ ಹಳೆಯ ಶಿಷ್ಯ. ಸಂಸ್ಕೃತದಲ್ಲಿ ಎರಡು ಸಲ ಅನುತ್ತೀರ್ಣನಾಗಿ, ಓದನ್ನು ಬಿಟ್ಟು, ಕಾರ್ಖಾನೆಯೊಂದಕ್ಕೆ ಸೇರಿದನೆಂದು ಅವನ ವಿಷಯ ಕೇಳಿದ್ದೆ. ಈಗ ಅಲ್ಲಿ ಹೊಸಬರಿಗೆ ವಿದ್ಯುತ್ತಿನ ಕೆಲಸವನ್ನು ಕಲಿಸುವ ಹೊಣೆ ಅವನದಂತೆ. ರಜೆಯ ದಿನ ಬೇಕಾದವರ ಮನೆಗಳಲ್ಲಿ ಇಂಥ ಸಣ್ಣಪುಟ್ಟ ಕೆಲಸವನ್ನೂ ಮಾಡಿಕೊಡುವನು. ಜೊತೆಯಲ್ಲಿ ಹದಿನೆಂಟು ಹತ್ತೊಂಬತ್ತರ ಹುಡುಗನೊಬ್ಬನಿದ್ದನು. ದೀಪ ತೂಗುವ ತಂತಿಯ ಎರಡು ಎಳೆಗಳಿಗೆ ಒಂದು ಬಗೆಯ ಗಂಟು ಹಾಕಬೇಕಾಗಿತ್ತು. ಶಿಷ್ಯನು ಅದನ್ನು ತಾನು ಒಮ್ಮೆ ನಿಧಾನವಾಗಿ ಹಾಕಿ ತೋರಿಸಿ, ಬಿಚ್ಚಿ, ತಂತಿಯನ್ನು ಹುಡುಗನ ಕೈಗೆ ಕೊಟ್ಟು, "ಈಗ ನೀನು ಹಾಕು, ಏನು ಮಾಡುತ್ತಿದ್ದೀಯೆ, ಏಕೆ ಮಾಡುತ್ತಿದ್ದೀಯೆ, ಬಾಯಿಬಿಟ್ಟು ಹೇಳುತ್ತ ಹಾಕು" ಎಂದನು. ಹುಡುಗನು ತಪ್ಪಿದನು, ಗಂಟು ಎಳೆದೊಡನೆ ಬಿಚ್ಚಿಕೊಂಡಿತು. ಬೈಗುಳ ಬರುವುದೆಂದು ನಾನು ಕಾದೆ. ಆದರೆ ಶಿಷ್ಯನು, "ತಪ್ಪು ನನ್ನದು ಕಣೋ. ಈ ಎಳೆ ಹಿಂದಿನಿಂದ ಬರಬೇಕು ಅನ್ನೋದನ್ನು ನಾನು ಒತ್ತಿ ಹೇಳಲಿಲ್ಲ" ಎಂದು ಮತ್ತೆ ತೋರಿಸಿದನು.

ನಾನು ಕುತೂಹಲದಿಂದ, "ಏನಪ್ಪ, ತಪ್ಪಿದವನು ಅವನು; ತಪ್ಪು ನಿನ್ನದು ಹೇಗಾಯಿತು?" ಎಂದೆ.

"ನಮಗೆ ಕಲಿಸಿದವರು ಹಾಗೆಯೇ ಹೇಳಿಕೊಟ್ಟಿದ್ದಾರೆ ಸಾರ್. ಕಲಿಯುವವನಿಗೆ ಬರಲಿಲ್ಲ ಅಂದರೆ ಕಲಿಸುವವನು ಕಲಿಸಲಿಲ್ಲ ಅಂತ ಲೆಕ್ಕ" ಎಂದು ಅವನು ಏಣಿಯ ಮೇಲಿಂದಲೇ ಉತ್ತರ ಕೊಟ್ಟನು. ಅವನ ಮಾತಿನಲ್ಲಿ ಯಾವ ಕೊಂಕೂ ಇರಲಿಲ್ಲ. ಇರದಿದ್ದುದರಿಂದಲೇ ಅದು ನನ್ನನ್ನು ಹೆಚ್ಚು ಚುಚ್ಚಿತು.

ವಾಸ್ತವವಾಗಿ ಈ ನ್ಯಾಯವು ನಮಗೆ ಹೊಸದಲ್ಲ. ಕಾಳಿದಾಸನ ಮಾಳವಿಕಾಗ್ನಿಮಿತ್ರದಲ್ಲಿ ಗಣದಾಸ, ಹರದತ್ತ ಎಂಬ ಇಬ್ಬರು ನಾಟ್ಯಾಚಾರ್ಯರು ತಮ್ಮೊಳಗೆ ಯಾರು ಮೇಲೆಂದು ಜಗಳವಾಡಿಕೊಂಡು ರಾಜನ ಬಳಿಗೆ ಬರುವರು. ಅವರಿಬ್ಬರನ್ನೂ ಕುಣಿಸಿ ನೋಡುವುದಿಲ್ಲ. ಶಿಷ್ಯೆಯ ಅಭಿನಯವನ್ನು ನೋಡಿ ಗುರುವಿನ ಬೆಲೆಯನ್ನು ಕಟ್ಟುವುದೆಂದು ಗೊತ್ತಾಗುತ್ತದೆ. ಈ ನಾಟಕವನ್ನು ನಾನೇ ಪಾಠ ಹೇಳಿದ್ದೆನು. ಆದರೂ ಆ ತಕ್ಕಡಿಯಲ್ಲಿ ನನ್ನನ್ನು ನಾನು ತೂಗಿ ನೋಡಿಕೊಂಡಿರಲಿಲ್ಲ. ಕಾವ್ಯಶಾಲೆಯಲ್ಲಿ ಮರೆತುಹೋದ ಈ ನ್ಯಾಯವು ಯಂತ್ರಶಾಲೆಯಲ್ಲಿ ನಿತ್ಯದ ಕಟ್ಟಳೆಯಾದುದು ಹೇಗೆಂದು ತಿಳಿಯುವ ಆಸೆಯಿಂದ ನಾನು ಈಚೆಗೆ ಕೆಲವು ಗ್ರಂಥಗಳನ್ನು ಓದಿದೆನು. ಅದರ ಸಾರವನ್ನು ಗೃಹಸ್ಥರಾದ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

೧೯೪೦ನೆಯ ಇಸವಿಯ ಮಾತು. ಯೂರೋಪಿನಲ್ಲಿ ಎರಡನೆಯ ಮಹಾಯುದ್ಧವು ಹಬ್ಬಿತ್ತು. ಅಮೆರಿಕವು ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲವಾದರೂ ಅಲ್ಲಿಯ ಕಾರ್ಖಾನೆಗಳಿಗೆ ಯುದ್ಧಸಾಮಗ್ರಿಯ ಬೇಡಿಕೆಗಳು ಪ್ರವಾಹದಂತೆ ಬರತೊಡಗಿದವು. ಯಂತ್ರಗಳಿದ್ದವು, ಹಣವಿತ್ತು, ಕೈ ಪಳಗಿದ ಕೆಲಸಗಾರರು ಮಾತ್ರ ಸಾಲದೆ ಹೋದರು. ಮುಂದೆ ಗಂಡಸರು ದಂಡಿಗೆ ಹೊರಟುಹೋದಾಗ, ಕಾರ್ಖಾನೆಯನ್ನೇ ಕಾಣದ ಹೆಂಗಸರೂ ಹೊಲಗದ್ದೆಗಳಲ್ಲಿ ದುಡಿದವರೂ ಯಂತ್ರಗಳ ಮುಂದೆ ಬಂದು ನಿಂತರು. ಇವರನ್ನು ಶೀಘ್ರವಾಗಿ ಪಳಗಿಸುವ ನಿಮಿತ್ತ ಆ ಸರ್ಕಾರವು ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ 'ಟ್ರೇನಿಂಗ್ ವಿದಿನ್ ಇಂಡಸ್ಟ್ರಿ', ಎಂದರೆ 'ಉದ್ಯಮದೊಳಗಣ ಶಿಕ್ಷಣ' ಎಂಬ ಒಂದು ವ್ಯವಸ್ಥೆಯನ್ನು ಆರಂಭಿಸಿತು. ಚಾನಿಂಗ್ ಡೂಲಿ, ವಾಲ್ಟರ್ ಡೀಟ್ಸ್ ಮೊದಲಾದ, ಉದ್ಯಮಗಳಲ್ಲಿಯೇ ನುರಿತಿದ್ದ ಮಹನೀಯರು ಅದನ್ನು ನಡೆಸಿದರು.

ಅವರಿಗೆ ಮೊದಲು ಎದುರಾದ ಸಮಸ್ಯೆಗಳಲ್ಲೊಂದು ಮಸೂರಗಳದು. ದೂರದರ್ಶಕವೇ ಮೊದಲಾದ ಉಪಕರಣಗಳಿಗೆ ಬೇಕಾದ ಗಾಜಿನ ಮಸೂರಗಳನ್ನು ಅರೆದು ನಯಗೊಳಿಸುವ ಕುಶಲಿಗಳು ದೊರೆಯುತ್ತಿರಲಿಲ್ಲ. ಆ ಕಸುಬು ಕೈಗೆ ಹತ್ತಬೇಕಾದರೆ ಐದು ವರ್ಷ ಬೇಕೆಂಬುದು ಎಲ್ಲರ ನಂಬಿಕೆಯಾಗಿತ್ತು. ಪರೀಕ್ಷಿಸಿ ನೋಡಲಾಗಿ, ಕುಶಲಿಯು ದಿನವೂ ಮಾಡುತ್ತಿದ್ದ ಹಲವು ಕೆಲಸಗಳಲ್ಲಿ ಬಹುಭಾಗವು ಯಾರು ಬೇಕಾದರೂ ಮಾಡಬಹುದಾದುವೆಂದೂ, ನಿಜವಾದ ಕೌಶಲವು ಕೆಲವೇ ಸ್ಥಾನಗಳಲ್ಲಿ ಅಡಗಿದೆಯೆಂದೂ ಕಂಡುಬಂದಿತು. ಸುಲಭವಾದುವನ್ನು ಬೇರೆಯವರಿಗೆ ಹಂಚಿ, ಕಠಿಣವಾದ ಆ ಸ್ಥಾನಗಳನ್ನು ಮಾತ್ರ ಆರಿಸಿ ಎಚ್ಚರದಿಂದ ಕಲಿಸಿದಾಗ, ಐದು ವರ್ಷದ ಕಲಿಕೆಯು ಕೆಲವು ತಿಂಗಳುಗಳಿಗೆ ಇಳಿಯಿತು. ವಿದ್ಯೆಯು ಕಷ್ಟವೆಂದು ನಾವು ಹೇಳುವಾಗ ಕಷ್ಟವೆಲ್ಲಿದೆ ಎಂಬುದನ್ನು ಹುಡುಕಿರುವುದಿಲ್ಲ ಎಂಬುದೇ ಅವರು ಕಂಡುಕೊಂಡ ಮೊದಲ ಪಾಠ.

ಅನಂತರ ಅವರು, ಕೆಲಸಗಾರರ ಮೇಲೆ ಇರುವ ಮೇಸ್ತ್ರಿಗಳಿಗೆ ಕಲಿಸುವ ವಿದ್ಯೆಯನ್ನೇ ಕಲಿಸಲು ತೊಡಗಿದರು. ಹತ್ತು ಮಂದಿಯ ಒಂದು ತಂಡ. ಎರಡೆರಡು ಗಂಟೆಗಳ ಐದು ಬೈಠಕ್ಕುಗಳು. ಒಟ್ಟು ಹತ್ತೇ ಗಂಟೆ. ಮೊದಲನೆಯ ಬೈಠಕ್ಕಿನಲ್ಲಿ ನಡೆಯುತ್ತಿದ್ದ ಪ್ರಯೋಗವನ್ನು ಓದಿದಾಗ ನಾನು ಬೆರಗಾದೆನು; ಏಕೆಂದರೆ ಅದು ನಮ್ಮ ನಡುಮನೆಯಲ್ಲಿ ನಾನು ನೋಡಿದ ಆ ದೀಪದ ತಂತಿಯ ಗಂಟೇ ಆಗಿತ್ತು!

ಪ್ರಯೋಗದ ಕ್ರಮ ಹೀಗೆ. ಶಿಕ್ಷಕನು ಒಬ್ಬನನ್ನು ಮುಂದಕ್ಕೆ ಕರೆದು, ಗಂಟನ್ನು ಹಾಕುವ ವಿಧಾನವನ್ನು ಬಾಯಲ್ಲಿ ಮಾತ್ರ ವಿವರಿಸುವನು. ಬಲದ ಎಳೆಯನ್ನು ಹೀಗೆ ತಾ, ಎಡದ ಎಳೆಯನ್ನು ಅದರ ಕೆಳಗೆ ಸಾಗಿಸು, ಕುಣಿಕೆಯಲ್ಲಿ ತೂರಿಸು, ಎಂದು ಎಲ್ಲವನ್ನೂ ತಪ್ಪಿಲ್ಲದೆ ಹೇಳಿ, ತಂತಿಯನ್ನು ಅವನ ಕೈಗೆ ಕೊಡುವನು. ಅವನಿಂದ ಆಗುವುದಿಲ್ಲ. ಎರಡನೆಯವನನ್ನು ಕರೆದು, ಈ ಸಲ ತುಟಿ ಬಿಚ್ಚದೆ ಮಾಡಿ ತೋರಿಸುವನು. ಅವನಿಂದಲೂ ಆಗುವುದಿಲ್ಲ, ಎದುರಿಗೆ ಕುಳಿತವನಿಗೆ ಎಡವು ಬಲವಾಗಿ ಕಾಣುತ್ತದೆ, ಮುಖ್ಯವಾದುದು ಯಾವುದು ಅಮುಖ್ಯವಾದುದು ಯಾವುದು ಎಂಬುದು ಕಣ್ಣಿಗೆ ಗೊತ್ತಾಗುವುದಿಲ್ಲ. ಹೀಗೆ, ಹೇಳುವುದೊಂದೇ ಸಾಲದು, ತೋರಿಸುವುದೊಂದೇ ಸಾಲದು ಎಂಬುದನ್ನು ಹತ್ತು ಜನರ ಸಮಕ್ಷಮದಲ್ಲಿ ಸಿದ್ಧಪಡಿಸಿದ ಮೇಲೆ ಸರಿಯಾದ ಕ್ರಮವನ್ನು ಆರಂಭಿಸುವನು.

ಆ ಕ್ರಮಕ್ಕೆ ನಾಲ್ಕು ಮೆಟ್ಟಿಲುಗಳು. ಮೊದಲನೆಯದು, ಕಲಿಯುವವನನ್ನು ಸಿದ್ಧಗೊಳಿಸುವುದು. ಅವನ ಅಂಜಿಕೆಯನ್ನು ಕಳೆದು, ಅವನಿಗೆ ಈಗಾಗಲೇ ಏನು ಗೊತ್ತಿದೆಯೆಂದು ವಿಚಾರಿಸಿ, ಈ ಕೆಲಸದ ಪ್ರಯೋಜನವನ್ನು ತಿಳಿಸಿ, ಕೈಕೆಲಸವು ನೇರಾಗಿ ಕಾಣುವ ಜಾಗದಲ್ಲಿ ಅವನನ್ನು ನಿಲ್ಲಿಸಬೇಕು. ಎರಡನೆಯದು, ಕೆಲಸವನ್ನು ಒಪ್ಪಿಸುವುದು. ಒಂದೊಂದೇ ಹಂತವನ್ನು ಹೇಳುತ್ತ, ತೋರಿಸುತ್ತ, ಅದರ ಮರ್ಮಸ್ಥಾನವನ್ನು ಎತ್ತಿಹೇಳಬೇಕು. ಅವನು ಒಂದು ಸಲಕ್ಕೆ ಹಿಡಿಯಬಲ್ಲುದಕ್ಕಿಂತ ಹೆಚ್ಚನ್ನು ಸುರಿಯಬಾರದು. ಮೂರನೆಯದು, ಅವನಿಂದ ಮಾಡಿಸುವುದು. ಮಾಡಿದರೆ ಸಾಲದು, ಮತ್ತೊಮ್ಮೆ ಮಾಡುತ್ತ, ಮರ್ಮಗಳನ್ನು ಅವನೇ ಬಾಯಿಂದ ಹೇಳಬೇಕು. ಅವನಿಗೆ ತಿಳಿದಿದೆ ಎಂಬುದು ಕಲಿಸುವವನಿಗೆ ನಿಶ್ಚಯವಾಗುವವರೆಗೆ ಇದನ್ನು ಬಿಡಕೂಡದು. ನಾಲ್ಕನೆಯದು, ಅವನನ್ನು ಸ್ವತಂತ್ರವಾಗಿ ಕೆಲಸಕ್ಕೆ ಬಿಟ್ಟು, ಸಂದೇಹ ಬಂದರೆ ಯಾರನ್ನು ಕೇಳಬೇಕೆಂದು ಗೊತ್ತುಮಾಡಿ, ಮೊದಮೊದಲು ಪದೇ ಪದೇ ಹೋಗಿ ನೋಡಿ, ಕ್ರಮೇಣ ನೋಡುವುದನ್ನು ಕಡಮೆ ಮಾಡುವುದು. ಈ ನಾಲ್ಕು ಮೆಟ್ಟಿಲುಗಳ ಮೂಲವು, ಮೊದಲನೆಯ ಮಹಾಯುದ್ಧದಲ್ಲಿ ಹಡಗು ಕಟ್ಟುವವರಿಗೆ ಶಿಕ್ಷಣ ಕೊಟ್ಟ ಚಾರ್ಲ್ಸ್ ಆಲೆನ್ ಎಂಬಾತನು ೧೯೧೯ರಲ್ಲಿ ಬರೆದ ಗ್ರಂಥದಲ್ಲಿದೆ.

ಮೇಲೆ ಹೇಳಿದ ಮರ್ಮಸ್ಥಾನವೆಂಬುದು ಈ ಶಾಸ್ತ್ರದ ಹೃದಯ. ಯಾವುದು ತಪ್ಪಿದರೆ ಕೆಲಸವೇ ಕೆಡುವುದೋ, ಯಾವುದು ತಪ್ಪಿದರೆ ಮಾಡುವವನಿಗೆ ಪೆಟ್ಟಾಗುವುದೋ, ಯಾವುದು ತಿಳಿದರೆ ಕೆಲಸವು ಹಗುರಾಗುವುದೋ, ಅದು ಮರ್ಮ. ನಮ್ಮ ಮನೆಯ ದೃಷ್ಟಾಂತವನ್ನೇ ತೆಗೆದುಕೊಳ್ಳಬಹುದು. ಹೊಸ ಸೊಸೆಯು ಅತ್ತೆಯ ಪಕ್ಕದಲ್ಲಿ ನಿಂತು ಒಬ್ಬಟ್ಟು ಮಾಡುವುದನ್ನು ನೋಡುವಳು. ಕಣಕ, ಹೂರಣ, ತಟ್ಟುವುದು, ಬೇಯಿಸುವುದು ಎಲ್ಲವೂ ಕಣ್ಣಿಗೆ ಕಾಣುತ್ತದೆ. ಆದರೆ ಕಣಕವನ್ನು ಎಷ್ಟು ಸಡಿಲವಾಗಿ ಕಲಸಬೇಕು, ಎಣ್ಣೆಯಲ್ಲಿ ಎಷ್ಟು ಹೊತ್ತು ನೆನೆಯಲು ಬಿಡಬೇಕು, ಹೂರಣದಲ್ಲಿ ನೀರಿನ ಪಸೆ ಉಳಿದರೆ ಏನಾಗುವುದು ಎಂಬುದು ಕಾಣುವುದಿಲ್ಲ. ಅತ್ತೆಗೆ ಅದು ಬೆರಳಿನಲ್ಲಿಯೇ ಇದೆ. ಬೆರಳಿನಲ್ಲಿ ಇರುವುದರಿಂದಲೇ ಬಾಯಿಗೆ ಬರುವುದಿಲ್ಲ. ಸೊಸೆಯ ಒಬ್ಬಟ್ಟು ಕಾವಲಿಯ ಮೇಲೆ ಒಡೆಯುತ್ತದೆ, ತಪ್ಪು ಸೊಸೆಯದಾಗುತ್ತದೆ. ಚೆನ್ನಾಗಿ ಬಲ್ಲವನು ತಾನು ಏನನ್ನು ಬಲ್ಲೆನೆಂಬುದನ್ನು ಮರೆತಿರುತ್ತಾನೆ. ಆದುದರಿಂದಲೇ, ಕಲಿಸಲು ಕುಳ್ಳುವ ಮೊದಲು ಕೆಲಸವನ್ನು ಹಂತಹಂತವಾಗಿ ಬಿಡಿಸಿ, ಮರ್ಮಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕೆಂದು ಆ ಮೇಸ್ತ್ರಿಗಳಿಗೆ ವಿಧಿಸಿದ್ದರು.

ಇದರ ಜೊತೆಗೆ ಇನ್ನೆರಡು ಪಾಠಗಳೂ ಇದ್ದವು. ಒಂದು, ಕೆಲಸದ ವಿಧಾನವನ್ನು ತಿದ್ದುವುದು: ಪ್ರತಿಯೊಂದು ವಿವರವನ್ನೂ ಇದು ಏಕೆ ಬೇಕು, ಎಲ್ಲಿ, ಎಂದು, ಯಾರಿಂದ, ಹೇಗೆ ಆಗಬೇಕು ಎಂದು ಪ್ರಶ್ನಿಸಿ, ಬೇಡದ್ದನ್ನು ಬಿಟ್ಟು, ಕೂಡಿಸಬಹುದಾದುದನ್ನು ಕೂಡಿಸಿ, ಉಳಿದುದನ್ನು ಸರಳಗೊಳಿಸುವುದು. ಇನ್ನೊಂದು, ಕೆಲಸಗಾರರೊಡನೆ ನಡೆದುಕೊಳ್ಳುವ ರೀತಿ: ದೂರು ಬಂದಾಗ ಮೊದಲು ಸಂಗತಿಗಳನ್ನು ಪೂರ್ಣವಾಗಿ ತಿಳಿದು, ತೂಗಿ, ಆಮೇಲೆ ಕಾರ್ಯಕ್ಕಿಳಿದು, ಫಲವನ್ನು ಪರೀಕ್ಷಿಸುವುದು. ೧೯೪೫ರಲ್ಲಿ ಯುದ್ಧದೊಡನೆ ಈ ವ್ಯವಸ್ಥೆಯೂ ಮುಗಿಯುವ ಹೊತ್ತಿಗೆ ೧೬ ಸಾವಿರಕ್ಕೂ ಮಿಕ್ಕ ಕಾರ್ಖಾನೆಗಳಲ್ಲಿ ೧೭ ಲಕ್ಷಕ್ಕೂ ಹೆಚ್ಚು ಜನರು ಈ ಪಾಠಗಳನ್ನು ಪಡೆದು ಪ್ರಮಾಣಪತ್ರ ಹೊಂದಿದ್ದರು. ಶಾಂತಿ ಬಂದೊಡನೆ ಆ ದೇಶವು ಇದನ್ನು ಬಹುಮಟ್ಟಿಗೆ ಮರೆಯಿತು.

ಮರೆತ ವಿದ್ಯೆಯು ಸೋತವರ ಮನೆಯಲ್ಲಿ ಬೆಳೆಯಿತು. ಯುದ್ಧದಲ್ಲಿ ಹಾಳಾದ ಜಪಾನನ್ನು ಅಮೆರಿಕದ ಸೇನೆಯು ಆಳುತ್ತಿದ್ದ ಕಾಲದಲ್ಲಿ ಇದೇ ಪಾಠಗಳು ಅಲ್ಲಿಗೆ ಹೋದವು. ೧೯೫೧ರಲ್ಲಿ ಲೋವೆಲ್ ಮೆಲೆನ್ ಎಂಬ ಅಮೆರಿಕನ್ನನು ತನ್ನ ಸಂಗಡಿಗರೊಡನೆ ಹೋಗಿ ಅಲ್ಲಿಯ ಶಿಕ್ಷಕರನ್ನು ತಯಾರುಮಾಡಿದನು. ಅವುಗಳನ್ನು ಶ್ರದ್ಧೆಯಿಂದ ಹಿಡಿದವರಲ್ಲಿ ಟೊಯೋಟ ಎಂಬ ಮೋಟಾರು ಕಂಪೆನಿಯೂ ಒಂದು. ಇಂದು ಜಗತ್ಪ್ರಸಿದ್ಧವಾಗಿರುವ ಈ ಕಂಪೆನಿಯು ೧೯೫೦ರಲ್ಲಿ ಸಾಲದಲ್ಲಿ ಮುಳುಗಿ, ಅನೇಕ ಕೆಲಸಗಾರರನ್ನು ಬಿಡಿಸಿ, ಮುಷ್ಕರವನ್ನು ಕಂಡು, ಸ್ಥಾಪಕನಾದ ಕಿಯಿಚಿರೊ ಟೊಯೋಡನೇ ಅಧ್ಯಕ್ಷಪದವಿಯನ್ನು ತ್ಯಜಿಸಬೇಕಾಗಿ ಬಂದಿದ್ದಿತು. ಪೋಲುಮಾಡುವುದಕ್ಕೆ ಅವರ ಬಳಿ ಏನೂ ಇರಲಿಲ್ಲ.

ಆ ಮನೆತನದ ಹಿರಿಯ ಸಾಕಿಚಿ ಟೊಯೋಡನು ಮಗ್ಗಗಳ ಶಿಲ್ಪಿ. ೧೯೨೪ರಲ್ಲಿ ಸಿದ್ಧವಾದ ಅವನ ಸ್ವಯಂಚಾಲಿತ ಮಗ್ಗವು ನೂಲಿನ ಒಂದು ಎಳೆ ಕಡಿದರೂ ತಾನೇ ನಿಂತುಬಿಡುತ್ತಿತ್ತು. ಕೆಟ್ಟ ಬಟ್ಟೆಯನ್ನು ಗಜಗಟ್ಟಲೆ ನೇಯುವುದಕ್ಕಿಂತ ನಿಲ್ಲುವುದು ಮೇಲೆಂಬ ತತ್ತ್ವವದು. ಅದೇ ಮನೆತನದ ನೂಲಿನ ಗಿರಣಿಯಿಂದ ಮೋಟಾರು ಕಾರ್ಖಾನೆಗೆ ಬಂದ ತೈಯಿಚಿ ಓನೊ (೧೯೧೨-೧೯೯೦) ಎಂಬ ಯಂತ್ರಜ್ಞನು ಆ ತತ್ತ್ವವನ್ನು ಮನುಷ್ಯರ ಕೆಲಸಕ್ಕೂ ಹಚ್ಚಿದನು. ದೋಷ ಕಂಡ ಕೂಡಲೆ ಕೆಲಸವನ್ನು ನಿಲ್ಲಿಸುವ ಅಧಿಕಾರವು ಕೆಲಸಗಾರನಿಗೇ ದೊರೆಯಿತು. ನಿಷ್ಫಲವಾದ ವ್ಯಯಕ್ಕೆ ಜಪಾನೀಯರು 'ಮುದ' ಎನ್ನುವರು. ಸಂಸ್ಕೃತದಲ್ಲಿ ಹರ್ಷವೆಂಬ ಅರ್ಥವುಳ್ಳ ಶಬ್ದವು ಅಲ್ಲಿ ವ್ಯರ್ಥವೆಂಬುದಕ್ಕೆ ಹೆಸರಾಗಿರುವುದು ಕಾಕತಾಳೀಯ! ಬೇಡಿಕೆಗಿಂತ ಹೆಚ್ಚು ತಯಾರಿಸುವುದು, ಕಾಯುವುದು, ಸುಮ್ಮನೆ ಸಾಗಿಸುವುದು, ಅಗತ್ಯಕ್ಕೆ ಮೀರಿ ಸಂಸ್ಕರಿಸುವುದು, ಕೂಡಿಡುವುದು, ವೃಥಾ ಓಡಾಡುವುದು, ಕೆಡಿಸುವುದು ಎಂದು ಓನೊ ಇದನ್ನು ಏಳು ವಿಧವಾಗಿ ಎಣಿಸಿದನು.

ದೋಷದ ಮೂಲವನ್ನು ಹುಡುಕುವುದಕ್ಕೆ 'ಏಕೆ' ಎಂದು ಐದು ಸಲ ಕೇಳಬೇಕೆಂಬುದು ಅವನ ಇನ್ನೊಂದು ಉಪದೇಶ. ಅವನೇ ಕೊಟ್ಟ ನಿದರ್ಶನವಿದು. ಯಂತ್ರ ನಿಂತಿತು, ಏಕೆ? ಭಾರ ಹೆಚ್ಚಾಗಿ ಫ್ಯೂಸು ಹೋಯಿತು. ಭಾರ ಏಕೆ ಹೆಚ್ಚಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಏಕೆ ಸಾಲಲಿಲ್ಲ? ಎಣ್ಣೆಯ ಪಂಪು ಸರಿಯಾಗಿ ಎತ್ತಲಿಲ್ಲ. ಏಕೆ? ಅದರ ದಂಡವು ಸವೆದಿತ್ತು. ಏಕೆ ಸವೆಯಿತು? ಸೋಸುವ ಜಾಲರಿಯಿಲ್ಲದೆ ಲೋಹದ ಚೂರುಗಳು ಒಳಹೊಕ್ಕವು. ಮೊದಲನೆಯ ಉತ್ತರಕ್ಕೇ ತೃಪ್ತರಾದವರು ಫ್ಯೂಸನ್ನು ಬದಲಾಯಿಸುವರು. ಮರುದಿನ ಅದು ಮತ್ತೆ ಹೋಗುವುದು. ಐದನೆಯದರವರೆಗೆ ಹೋದವರು ಜಾಲರಿಯನ್ನು ಹಾಕುವರು. ಈ ಸರಣಿಯಲ್ಲಿ 'ಯಾರು' ಎಂಬ ಪ್ರಶ್ನೆಯು ಎಲ್ಲಿಯೂ ಬರುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ನಮ್ಮ ಮನೆಗಳಲ್ಲಿ ಹಾಲು ಉಕ್ಕಿದರೆ ಮೊದಲು ಬರುವುದೇ ಆ ಪ್ರಶ್ನೆ.

ಈ ಪದ್ಧತಿಗೆ ೧೯೮೮ರಲ್ಲಿ ಜಾನ್ ಕ್ರಾಫ್ಸಿಕ್ ಎಂಬಾತನು 'ಲೀನ್' ಎಂದು ಹೆಸರಿಟ್ಟನು. ಬೇಡದ ಕೊಬ್ಬಿಲ್ಲದ್ದು ಎಂದು ಅದರ ಭಾವ. ಮನುಷ್ಯರು ಕೆಟ್ಟವರೋ ವಿಧಾನ ಕೆಟ್ಟದೋ ಎಂಬ ಪ್ರಶ್ನೆಗೆ ಸ್ಪಷ್ಟವಾದ ಉತ್ತರವು ಅದಕ್ಕೆ ಮುಂಚೆಯೇ ಕ್ಯಾಲಿಫೋರ್ನಿಯದ ಫ್ರೀಮಾಂಟ್ ಎಂಬ ಊರಿನಲ್ಲಿ ದೊರೆತಿತ್ತು. ಅಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯ ಕಾರ್ಖಾನೆಯು ಜಗಳ, ಗೈರುಹಾಜರಿ, ಕೆಟ್ಟ ಸರಕುಗಳಿಗೆ ಹೆಸರಾಗಿ ೧೯೮೨ರಲ್ಲಿ ಮುಚ್ಚಿತು. ೧೯೮೪ರಲ್ಲಿ ಟೊಯೋಟದೊಡನೆ ಕೂಡಿ ಅದನ್ನು ಮತ್ತೆ ತೆರೆದಾಗ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಅದೇ ಹಳೆಯ ಕೆಲಸಗಾರರು. ಅವರಲ್ಲಿ ತಂಡದ ನಾಯಕರಾಗತಕ್ಕವರನ್ನು ಜಪಾನಿಗೆ ಕಳುಹಿಸಿ, ಅಲ್ಲಿಯವರ ಪಕ್ಕದಲ್ಲಿ ನಿಲ್ಲಿಸಿ, ಕೆಲಸ ಕಲಿಸಿ ಕರೆತಂದರು. ಸ್ವಲ್ಪ ಕಾಲದಲ್ಲಿಯೇ ಅಲ್ಲಿ ತಯಾರಾದ ಕಾರುಗಳು ಆ ದೇಶದ ಉತ್ತಮ ಕಾರುಗಳ ಸಾಲಿಗೆ ಸೇರಿದವು. ಆ ಸಹಭಾಗಿತ್ವವು ೨೦೧೦ರಲ್ಲಿ ಕೊನೆಗೊಂಡಿತಾದರೂ ಅದರ ಪಾಠವು ಉಳಿದಿದೆ.

ಆದರೆ ಏಕಪಕ್ಷವಾಗಿ ಬರೆಯುವುದು ನ್ಯಾಯವಲ್ಲ. ಜಪಾನಿನ ಸಾತೋಶಿ ಕಾಮಾತ ಎಂಬ ಲೇಖಕನು ೧೯೭೨ರಲ್ಲಿ ಟೊಯೋಟದಲ್ಲಿ ಹಂಗಾಮಿ ಕೂಲಿಯಾಗಿ ಸೇರಿ, ಅಲ್ಲಿಯ ಬಿಡುವಿಲ್ಲದ ದುಡಿಮೆಯ ಬವಣೆಯನ್ನು ಮರುವರ್ಷ ಗ್ರಂಥವಾಗಿ ಪ್ರಕಟಿಸಿದನು. ವ್ಯರ್ಥವನ್ನು ಕಳೆಯುವ ಹೆಸರಿನಲ್ಲಿ ಕೆಲಸಗಾರನ ಉಸಿರಾಟದ ಬಿಡುವನ್ನೂ ಕಳೆಯುವ ಯಜಮಾನರು ಎಲ್ಲ ದೇಶಗಳಲ್ಲಿಯೂ ಉಂಟು. ಕಲಿಸುವುದರಿಂದ ಉಳಿದ ಕಾಲವು ಯಾರ ಪಾಲಿಗೆ ಹೋಯಿತು ಎಂದು ಕೇಳದವನು ಈ ಶಾಸ್ತ್ರವನ್ನು ಅರ್ಧ ಮಾತ್ರ ಕಲಿತಂತೆ. ವಿಧಾನವನ್ನು ತಿದ್ದುವ ಪಾಠದೊಡನೆ ಮನುಷ್ಯರೊಡನೆ ನಡೆದುಕೊಳ್ಳುವ ಪಾಠವನ್ನೂ ಮೊದಲಿನವರು ಸೇರಿಸಿದ್ದುದು ಸುಮ್ಮನೆ ಅಲ್ಲ.

ಈ ವಿದ್ಯೆಯು ನಮ್ಮ ನಾಡಿಗೂ ಬಂದು ಕಾಲವಾಯಿತು. ಬೆಂಗಳೂರಿಗೆ ಸಮೀಪದ ಬಿಡದಿಯಲ್ಲಿ, ೧೯೯೭ರಲ್ಲಿ ಸ್ಥಾಪಿತವಾದ ಟೊಯೋಟ ಕಿರ್ಲೋಸ್ಕರ್ ಕಂಪೆನಿಯ ಕಾರ್ಖಾನೆ ಇದೆ. ಅದಕ್ಕೆ ಸೇರಿದ ತಾಂತ್ರಿಕ ಶಿಕ್ಷಣಾಲಯವು ೨೦೦೭ರಲ್ಲಿ ಆರಂಭವಾಯಿತು. ಹತ್ತನೆಯ ತರಗತಿಯನ್ನು ಮುಗಿಸಿದ ಹಳ್ಳಿಯ ಬಡಮಕ್ಕಳನ್ನು ಅಲ್ಲಿಯೇ ಇರಿಸಿಕೊಂಡು ಮೂರು ವರ್ಷ ಕಸುಬನ್ನು ಕಲಿಸುವರು. ಸಣ್ಣ ಕಾರ್ಖಾನೆಗಳಿಗಾಗಿ ಭಾರತ ಸರ್ಕಾರವು ಇದೇ 'ಲೀನ್' ಹೆಸರಿನ ಯೋಜನೆಯೊಂದನ್ನು ೨೦೨೩ರಲ್ಲಿ ಹೊಸ ರೂಪದಲ್ಲಿ ಹೊರತಂದಿತು. ಆದಕಾರಣ ಕಾರ್ಖಾನೆಗೆ ಹೋಗುವ ಮಗನೋ ಮಗಳೋ 'ಇಂದು ನಮಗೆ ಟ್ರೇನಿಂಗು ಇತ್ತು' ಎಂದು ಹೇಳಿದರೆ ಹಿರಿಯರು ಅದನ್ನು ಉಪೇಕ್ಷಿಸದೆ, ಏನು ಕಲಿತೆ ಎಂದು ಕೇಳಬೇಕೆಂದು ನನ್ನ ವಿನಂತಿ. ಕೇಳಿದರೆ ಮನೆಗೂ ಉಪಯೋಗವುಂಟು.

ಇಷ್ಟು ಓದಿದ ಮೇಲೆ ನಾನೂ ಒಂದು ಚೀಟಿಯನ್ನು ಬರೆದೆನು. ನನ್ನ ಆ ಶಿಷ್ಯನು ಶಾಲೆಯಲ್ಲಿ ದೇವ, ಇಂದ್ರ ಎಂಬ ಪದಗಳನ್ನು ಕೂಡಿಸೆಂದರೆ ಪ್ರತಿ ಸಲವೂ 'ದೇವಿಂದ್ರ' ಎಂದು ಬರೆಯುತ್ತಿದ್ದನು. ನಾನು ಗುಣಸಂಧಿಯ ಸೂತ್ರವನ್ನು ಮತ್ತೆ ಹೇಳುತ್ತಿದ್ದೆ, ಗಟ್ಟಿಯಾಗಿ ಹೇಳುತ್ತಿದ್ದೆ, "ತಿಳಿಯಿತೆ?" ಎನ್ನುತ್ತಿದ್ದೆ. "ತಿಳಿಯಿತು ಸಾರ್" ಎನ್ನುತ್ತಿದ್ದನು. ಅಂಜಿದವನ ಬಾಯಿಂದ ಬೇರೆ ಯಾವ ಉತ್ತರ ಬಂದೀತು? ಈಗ ಆ ಪಾಠದ ಹಂತಗಳನ್ನೂ ಮರ್ಮಗಳನ್ನೂ ಬರೆಯುತ್ತ ಹೋದಾಗ, ನಾನು ಎಂದೂ ಹೇಳದಿದ್ದ ಒಂದು ಮರ್ಮವು ಕಂಡಿತು. ಅಕಾರಕ್ಕೆ ಬಾಯಿ ತೆರೆಯುವುದು, ಇಕಾರಕ್ಕೆ ಕಿರಿದಾಗುವುದು. ಎರಡನ್ನೂ ಬೇಗ ಬೇಗ ಬೆರೆಸಿ ಅಂದರೆ ನಡುವೆ ಏಕಾರವು ತಾನಾಗಿಯೇ ನಿಲ್ಲುವುದು. ಇದನ್ನು ಹತ್ತು ವರ್ಷದ ನನ್ನ ಮೊಮ್ಮಗಳ ಬಾಯಲ್ಲಿ ಆಡಿಸಿ, ಅವಳಿಂದಲೇ ಏಕೆಂದು ಹೇಳಿಸಿದೆನು. ದೇವೇಂದ್ರ, ಮಹೇಂದ್ರ ಎಂದು ಅವಳು ಬರೆದಳು. ಗಣೇಶ ಎಂಬುದನ್ನು ನಾನು ಕೇಳುವ ಮೊದಲೇ ಬಿಡಿಸಿ, ಅಕಾರ ಈಕಾರಗಳಿಗೂ ಇದೇ ಗತಿಯೆಂದು ತಾನೇ ಹೇಳಿದಳು. ಕಾಲು ಗಂಟೆಯೂ ಹಿಡಿಯಲಿಲ್ಲ.

ಅಂದಿನ ಶಾಲೆಯ ದಾಖಲೆಯಲ್ಲಿ ಅನುತ್ತೀರ್ಣನೆಂದು ಆ ಹುಡುಗನ ಹೆಸರಿನ ಮುಂದೆ ಬರೆದವನು ನಾನು. ಅದನ್ನು ಈಗ ತಿದ್ದುವಂತಿಲ್ಲ. ನಡುಮನೆಯ ದೀಪವು ಅವನು ಕಲಿಸಿ ಹಾಕಿಸಿದ ಗಂಟಿನ ಮೇಲೆ ಭದ್ರವಾಗಿ ತೂಗುತ್ತಿದೆ. ಅದರ ಬೆಳಕಿನಲ್ಲಿಯೇ ಇದನ್ನು ಬರೆದಿದ್ದೇನೆ. ಇನ್ನು ಮುಂದೆ ಯಾರಾದರೂ ನನ್ನೆದುರಿಗೆ "ಎಷ್ಟು ಸಲ ಹೇಳಿದರೂ ತಿಳಿಯುವುದಿಲ್ಲ" ಎಂದರೆ, "ಹೇಳಿದ್ದು ಸರಿ, ಮಾಡಿಸಿ ನೋಡಿದಿರಾ?" ಎಂದು ಕೇಳಬೇಕೆಂದಿದ್ದೇನೆ. ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ.